ಆಣೆ ಬಾಯಿಗೆ, ಕೈಗಲ್ಲ

ಗುತ್ತೂರು
10-6-2024, ಸೋಮವಾರ

ಯಶೋದಾ,

ಕಾಗದವೆಂದರೆ ನಾವು ಕ್ಷೇಮ, ನಿಮ್ಮ ಕ್ಷೇಮ ತಿಳಿಸಿ ಎಂದು ಶುರು ಮಾಡಬೇಕು. ನಾನು ಕ್ಷೇಮವಾಗಿಲ್ಲ. ಹೊಟ್ಟೆಯಲ್ಲಿ ಗಡ್ಡೆ ಇಟ್ಟುಕೊಂಡ ನೀನೂ ಕ್ಷೇಮವಾಗಿಲ್ಲ. ಅದಕ್ಕೆ ಆ ಸಾಲು ಬಿಟ್ಟಿದ್ದೇನೆ.

ಮಾತು ಬಿಟ್ಟ ಅಕ್ಕ ಕಾಗದ ಯಾಕೆ ಬರೆದಳು ಎಂದು ನಗಬೇಡ. ನಿನ್ನೆ ನಿನ್ನ ಮನೆಯಲ್ಲಿ ದೀಪ ಮುಟ್ಟಿ ನಾನು ಏನೆಂದೆ? "ಗಡ್ಡೆ, ಗರ್ಭಕೋಶ ಎರಡೂ ತೆಗೆಸಿ ಹಾಕೋ ತನಕ ನಿನ್ ಜೊತೆ ಮಾತಾಡಂಗಿಲ್ಲ, ನಮ್ಮೂರ ಚೌಡಮ್ಮನಾಣೆ." ಮಾತಾಡುವುದಿಲ್ಲ ಎಂದಿದ್ದೇನೆ, ಬರೆಯುವುದಿಲ್ಲ ಎಂದಿಲ್ಲ. ಆಣೆ ಬಾಯಿಗೆ, ಕೈಗಲ್ಲ. ಫೋನ್ ಮಾಡಬೇಡ, ಎತ್ತುವುದಿಲ್ಲ. ವಾಟ್ಸಾಪ್ ಹಾಕಬೇಡ, ಸೊಸೆ ಸುಮಾ ಓದುತ್ತಾಳೆ. ನಿನ್ನ ಮಾವ ಮಂಗಳವಾರ, ಶುಕ್ರವಾರ ಸೊಪ್ಪು ಹೇರಿಕೊಂಡು ದಾವಣಗೆರೆ ಮಾರ್ಕೆಟ್ಟಿಗೆ ಬರುತ್ತಾರಲ್ಲ, ಅವರೇ ಟಪಾಲಿನವರು. ನನ್ನ ಗಂಡ ಎಂದು ಇಟ್ಟುಕೊಂಡಿದ್ದಕ್ಕೆ ಇಷ್ಟಾದರೂ ಉಪಯೋಗಕ್ಕೆ ಬರಲಿ.

ಈಗ ವಿಷಯ. ಆರು ವರ್ಷದ ಹಿಂದೆ ನಿನಗೆ ಗಡ್ಡೆ ಬಂತು. ಗಡ್ಡೆ ಮಾತ್ರ ತೆಗೆದು ಹೊಲಿದರು. ಆಗಲೂ ನಾನು ಹೇಳಿದ್ದೆ, ಕಳೆಯನ್ನು ಮೇಲಿಂದ ಕೊಯ್ದರೆ ಮುಂದಿನ ನೀರಿಗೆ ಮತ್ತೆ ಏಳುತ್ತದೆ ಎಂದು. ಎದ್ದಿತು. ತಿಂಗಳಲ್ಲಿ ಹತ್ತು ದಿನ ಹಾಸಿಗೆ ಹಿಡಿಯುತ್ತೀಯ. ಮುಖ ನೋಡಿದರೆ ಬೂದಿ ಬಳಿದ ಹಾಗಿದೆ. ನಲವತ್ತಮೂರು ವರ್ಷ, ಮಗಳು ರೇವತಿ ಕಾಲೇಜಿಗೆ ಹೋಗುತ್ತಾಳೆ. ಈಗಲೂ ಗಡ್ಡೆ ಮಾತ್ರ ತೆಗೆಸುತ್ತೇನೆ, ಕೋಶ ಇರಲಿ ಎನ್ನುತ್ತೀಯಲ್ಲ, ಇಟ್ಟುಕೊಂಡು ಏನು ಮಾಡುತ್ತೀಯ? ಈ ವಯಸ್ಸಿನಲ್ಲಿ ತೊಟ್ಟಿಲು ಕಟ್ಟುತ್ತೀಯಾ? ನಾನು ಮೂವತ್ತೊಂದಕ್ಕೇ ತೆಗೆಸಿದವಳು. ಸತ್ತೆನಾ?

ಇಷ್ಟು ಹೇಳುವಷ್ಟರಲ್ಲಿ ಆ ನುಜತ್ ಬಾಯಿ ಹಾಕಿದಳು. ನಿನ್ನ ಹೊಲಿಗೆ ಅಂಗಡಿಯಲ್ಲಿ ಕಾಜಾ, ಗುಂಡಿ ಹಾಕುವವಳು, ನಮ್ಮ ಮನೆ ಮಾತಿಗೆ ಅವಳು ಯಾರು? "ಅಕ್ಕಾರೆ, ಬ್ಯಾಸರ ಮಾಡ್ಕಬ್ಯಾಡ್ರಿ, ಅದು ಅವರ ಹೊಟ್ಟೆ ಅಲ್ವಾ" ಎಂದಳು. ಅಂದದ್ದಕ್ಕೆ ನನಗೆ ಸಿಟ್ಟಿಲ್ಲ. ನೀನು ಅವಳನ್ನು ಗದರಲಿಲ್ಲ ನೋಡು, ಅದಕ್ಕೆ ಸಿಟ್ಟು. ಆರನೇ ಕ್ಲಾಸಿನಲ್ಲಿ ಶಾಲೆ ಬಿಟ್ಟು ನಿನ್ನನ್ನು ಕಂಕುಳಲ್ಲಿ ಎತ್ತಿಕೊಂಡು ತಿರುಗಿದವಳು ನಾನು. ನಿನ್ನ ಹೊಟ್ಟೆ ಯಾರದೆಂದು ನನಗೆ ಅವಳು ಹೇಳಿಕೊಡಬೇಕೇ?

ಮೆಂತ್ಯದ ಸೊಪ್ಪು ಇಟ್ಟಿದ್ದೇನೆ. ರಕ್ತಕ್ಕೆ ಒಳ್ಳೆಯದು.

ದುರುಗಮ್ಮ

*

ದಾವಣಗೆರೆ
14-6-2024, ಶುಕ್ರವಾರ

ಅಕ್ಕನಿಗೆ ನಮಸ್ಕಾರ.

ಕಾಗದ ತಲುಪಿತು. ನಿನ್ನ ಅಕ್ಷರ ನೋಡಿ ಎಷ್ಟು ವರ್ಷವಾಗಿತ್ತು. ನನ್ನ ಸ್ಲೇಟಿನ ಮೇಲೆ ನೀನು ಬರೆದುಕೊಡುತ್ತಿದ್ದ ಹಾಗೆಯೇ ಇದೆ, ಒತ್ತಿ ಒತ್ತಿ.

ನೀನು ಕೂಗಾಡುವಾಗ ಹೇಳಲಾಗಲಿಲ್ಲ, ಈಗ ಹೇಳುತ್ತೇನೆ. ಸ್ಕ್ಯಾನಿಂಗಿನಲ್ಲಿ ಗಡ್ಡೆ ಐದು ಕಂಡಿವೆ. ಡಾಕ್ಟರಮ್ಮ ಇವರನ್ನು ಹೊರಗೆ ಕೂರಿಸಿ ನನ್ನೊಬ್ಬಳನ್ನೇ ಒಳಗೆ ಕರೆದರು. ಎರಡು ದಾರಿ ಇವೆ ಎಂದರು. ಕೋಶವನ್ನೇ ತೆಗೆದರೆ ಮತ್ತೆ ಗಡ್ಡೆಯ ಮಾತಿಲ್ಲ. ಗಡ್ಡೆ ಮಾತ್ರ ಬಿಡಿಸಿ ತೆಗೆದರೆ ಕೋಶ ಉಳಿಯುತ್ತದೆ, ಆದರೆ ಎರಡನೇ ಸಲ ಹೊಟ್ಟೆ ತೆರೆಯುವುದು ಕಷ್ಟ, ಗಡ್ಡೆ ಮತ್ತೆ ಬಂದರೂ ಬರಬಹುದು. ಮುಟ್ಟು ನಿಲ್ಲುವ ವಯಸ್ಸು ಬಂದರೆ ಗಡ್ಡೆಗಳು ತಾವಾಗಿ ಕುಗ್ಗುತ್ತವಂತೆ. ಎಲ್ಲ ಹೇಳಿ, "ಈಗ ನಿಮಗೇನು ಬೇಕು, ನೀವು ಹೇಳ್ರಿ" ಎಂದರು.

ನಾನು ಇರಲಿ ಎಂದೆ. ಮಗು ಬೇಕೆಂದಲ್ಲ ಅಕ್ಕಾ. ಯಾಕೆ ಎಂದು ನೀನು ಕೇಳಿದೆಯಲ್ಲ, ನನಗೂ ಸರಿಯಾಗಿ ಹೇಳಲು ಬರುವುದಿಲ್ಲ. ಉಳಿಸಲು ಆಗುತ್ತದೆ ಎಂದ ಮೇಲೆ ಇರಲಿ ಅನ್ನಿಸಿತು. ನನ್ನದು, ಅಷ್ಟೇ.

ನುಜತ್‌ಗೆ ಎರಡು ವರ್ಷದ ಹಿಂದೆ ಇದೇ ಆಪರೇಷನ್ ಆಗಿದೆ. ಈ ಡಾಕ್ಟರಮ್ಮನ ಹತ್ತಿರ ಕರೆದೊಯ್ದವಳೂ ಅವಳೇ. ಅವಳ ಮೇಲೆ ಸಿಟ್ಟಾಗಬೇಡ.

ಮಾವ ಅವಲಕ್ಕಿ ತಿಂದು ಚಹಾ ಕುಡಿದು ಬರುತ್ತಿದ್ದಾರೆ. ಮೆಂತ್ಯ ಪಲ್ಯ ಮಾಡಿದೆ.

ನಿನ್ನ ತಂಗಿ
ಯಶೋದಾ

*

ಗುತ್ತೂರು
17-6-2024, ಸೋಮವಾರ

ಯಶೋದಾ,

ನಿನ್ನನ್ನು ಕೇಳಿದರಂತೆ! ಗಂಡನನ್ನು ಹೊರಗೆ ಕೂರಿಸಿ ಕೇಳಿದರಂತೆ! ದೊಡ್ಡ ರಾಣಿ. ನಿನಗೇನು ಗೊತ್ತಿದೆ ಎಂದು ಕೇಳಿದರು? ಬ್ಲೌಸಿನ ಅಳತೆ ಕೇಳಿದ್ದರೆ ಸರಿ. ಹೊಟ್ಟೆಯೊಳಗಿನದನ್ನು ಇಡಬೇಕೋ ತೆಗೆಯಬೇಕೋ ಎಂದು ಪೇಶೆಂಟನ್ನು ಕೇಳುವವರು ಡಾಕ್ಟರೇ? ನನ್ನ ಡಾಕ್ಟರು ಕೇಳಲಿಲ್ಲ. ನನಗೇನು ಕಡಿಮೆಯಾಯಿತು?

ಹರಿಹರದ ನರ್ಸಿಂಗ್ ಹೋಮಿಗೆ ಬೆಳಗ್ಗೆ ಹೋದೆವು. ನಿನ್ನ ಮಾವ, ನನ್ನ ಅತ್ತೆ ಕೆಂಚವ್ವ, ನಾನು. ಆಗ ನನಗೂ ರಕ್ತ ಬಹಳ ಹೋಗುತ್ತಿತ್ತು, ಗಡ್ಡೆ ಐತೆ ಎಂದರು, ಮಲಗಿಸಿದರು, ಎದ್ದಾಗ ಕೋಶ ಇರಲಿಲ್ಲ. ಮುಗಿಯಿತು. ಎರಡು ದಾರಿ, ಮೂರು ದಾರಿ ಎಂದು ಬಸ್ ಸ್ಟ್ಯಾಂಡಿನ ಬೋರ್ಡಿನ ಹಾಗೆ ಯಾರೂ ಓದಿ ಹೇಳಲಿಲ್ಲ. ಮನೆಗೆ ಬಂದೆ. "ಹೆತ್ತೋರಿಗೆ ಬಾಣಂತನ, ಕೊಯ್ಸ್ಕೊಂಡೋರಿಗೆ ಯಾಕ?" ಎಂದು ಅತ್ತೆ ಸೌಟು ಕೈಗೆ ಕೊಟ್ಟಳು. ಮುಂದಿನ ತಿಂಗಳು ಗದ್ದೆಯಲ್ಲಿ ನಾಟಿ ಮಾಡಿದ್ದೇನೆ. ನಾಲ್ಕು ಚಳಿಗಾಲ ಹೊದಿಕೆ ಹೊದೆಯಲಿಲ್ಲ, ಮೈ ಒಲೆಯಾಗಿತ್ತು, ಅದು ಬೇರೆ ವಿಷಯ. ಚೆನ್ನಾಗಿಯೇ ಇದ್ದೇನೆ.

ನುಜತ್ ಮೇಲೆ ಸಿಟ್ಟಾಗಬೇಡ ಎಂದು ಬರೆಯುತ್ತೀಯ. ನೀನು ಹಾಗೆ ಬರೆದದ್ದಕ್ಕೇ ಇನ್ನೂ ಸಿಟ್ಟು ಬಂತು. ನಿನಗೆ ಗಡ್ಡೆ ಮತ್ತೆ ಬಂದದ್ದು ಅವಳಿಗೆ ಮೊದಲು ಗೊತ್ತಾಯಿತು. ನನಗೆ ಯಾವಾಗ? ಸ್ಕ್ಯಾನಿಂಗ್ ಆಗಿ ಎಷ್ಟೋ ದಿನವಾದ ಮೇಲೆ, ಅದೂ ನಿನ್ನ ಮಾವನ ಬಾಯಿಂದ. ಈಗ ಅವರೂ ನಿನ್ನ ಕಡೆ. ಮಾರ್ಕೆಟ್ಟಿನಿಂದ ಬಂದವರು "ಯಶೋದಾ ಹಿಂಗಂದ್ಲು, ಯಶೋದಾ ಹಂಗಂದ್ಲು" ಎಂದು ಶುರು ಮಾಡುತ್ತಾರೆ. ಅವರಿಗೆ ಅವಲಕ್ಕಿ ಹಾಕಬೇಡ. ಮನೆಗೆ ಬಂದು ನನ್ನ ರೊಟ್ಟಿ ಉಳಿಸುತ್ತಾರೆ.

ಈ ಸಲ ಸೊಪ್ಪು ಇಟ್ಟಿಲ್ಲ.

ದುರುಗಮ್ಮ

*

ದಾವಣಗೆರೆ
28-6-2024, ಶುಕ್ರವಾರ

ಅಕ್ಕನಿಗೆ ನಮಸ್ಕಾರ.

ಮೂರು ಸಲ ಮಾವ ಬರಿಗೈಯಲ್ಲಿ ವಾಪಸ್ ಬಂದರೆಂದು ನೀನು ಏನೇನು ಯೋಚಿಸಿದೆಯೋ. ಸಿಟ್ಟಿನಿಂದ ಬರೆಯದೆ ಇದ್ದದ್ದಲ್ಲ. ಮೈಯಲ್ಲಿ ರಕ್ತ ಕಡಿಮೆ ಎಂದು ಆಸ್ಪತ್ರೆಯಲ್ಲಿ ಮಲಗಿಸಿ ಕಬ್ಬಿಣದ ಡ್ರಿಪ್ ಹಾಕಿದರು. ಮೆಟ್ಟಿಲು ಹತ್ತಿದರೆ ಕಣ್ಣಿಗೆ ಕತ್ತಲೆ. ಮಾವನಿಗೆ ಹೇಳಬೇಡಿ ಎಂದಿದ್ದೆ. ಹೇಳಿದರೆ ನೀನು ಓಡಿ ಬರುತ್ತೀಯ, ಬಂದು ಮಾತಾಡದೆ ಕೂರುತ್ತೀಯ, ಅದನ್ನು ನೋಡಲು ನನಗೆ ಆಗುವುದಿಲ್ಲ.

ಜುಲೈ ಹತ್ತು, ಬುಧವಾರ ಆಪರೇಷನ್. ಇವರು ಮಂಡಿಪೇಟೆಯ ಅಂಗಡಿಯಲ್ಲಿ ರಜೆ ಕೇಳಿದ್ದಾರೆ. ಹೆಣ್ಣುಮಕ್ಕಳ ವಾರ್ಡಿನಲ್ಲಿ ಹೆಂಗಸರೇ ಇರಬೇಕಂತೆ. ರೇವತಿಗೆ ಪರೀಕ್ಷೆ. ನುಜತ್ ಇರುತ್ತೇನೆ ಎಂದಿದ್ದಾಳೆ.

ಇನ್ನೊಂದು ಮಾತು. ಆಪರೇಷನ್ ನಡೆಯುವಾಗ ರಕ್ತ ನಿಲ್ಲದೆ ಹೋದರೆ ಜೀವ ಉಳಿಸಲು ಕೋಶ ತೆಗೆಯಬೇಕಾಗಬಹುದು, ಅದಕ್ಕೂ ಒಪ್ಪಿಗೆ ಬೇಕು ಎಂದರು. ನಾನೇ ಓದಿ ರುಜು ಹಾಕಿದೆ. ಹಾಗಾದರೆ ನೀನು ಹೇಳಿದಂತೆಯೇ ಆಗುತ್ತದೆ. ಆಣೆಯೂ ತೀರುತ್ತದೆ. ನೀನು ಅದನ್ನೇ ಚೌಡಮ್ಮನಿಗೆ ಬೇಡಿಕೊಳ್ಳುತ್ತಿದ್ದೀಯೋ ಏನೋ.

ಹೀಗೆ ಬರೆಯಬಾರದಿತ್ತು. ಹೊಡೆದುಹಾಕಿದರೆ ಗಲೀಜು ಕಾಣುತ್ತದೆ ಎಂದು ಬಿಟ್ಟಿದ್ದೇನೆ.

ನೀನು ಬಂದರೆ ಮಾತಾಡಬೇಕಾಗಿಲ್ಲ ಅಕ್ಕಾ. ಸುಮ್ಮನೆ ಇದ್ದರೆ ಸಾಕು.

ಯಶೋದಾ

*

ಗುತ್ತೂರು
1-7-2024, ಸೋಮವಾರ

ಯಶೋದಾ,

ನಾನು ಬರುವುದಿಲ್ಲ. ಮೊದಲು ನುಜತ್ ಇರುತ್ತಾಳೆ ಎಂದು ಗೊತ್ತು ಮಾಡಿ, ಆಮೇಲೆ ನೀನೂ ಬಾ ಎಂದು ಕರೆಯುತ್ತೀಯ. ಊಟಕ್ಕೆ ಎಲೆ ಹಾಕಿ ಎಲ್ಲರೂ ಕೂತ ಮೇಲೆ ಬಾಗಿಲಲ್ಲಿ ನಿಂತವರನ್ನು ಕರೆದ ಹಾಗೆ. ಅವಳೇ ಇರಲಿ. ನಿನ್ನ ಹೊಟ್ಟೆ, ನಿನ್ನ ನುಜತ್.

ನಾನು ಚೌಡಮ್ಮನಿಗೆ ಏನು ಬೇಡಿಕೊಳ್ಳುತ್ತೇನೆ ಎಂಬುದು ನನಗೂ ಅವಳಿಗೂ ಬಿಟ್ಟದ್ದು.

ಹಳೆಯ ಕಾಟನ್ ಸೀರೆ ಒಗೆದು ಅಗಲವಾಗಿ ಹರಿದು ಕಳಿಸಿದ್ದೇನೆ. ಕೆಮ್ಮು ಬಂದರೆ ಮಡಿಸಿ ಹೊಟ್ಟೆಗೆ ಒತ್ತಿ ಹಿಡಿದುಕೊ. ನನಗೆ ಯಾರೂ ಹೇಳಿರಲಿಲ್ಲ, ಕೆಮ್ಮಿ ಕೆಮ್ಮಿ ಹೊಲಿಗೆ ಬಿಚ್ಚಿತು ಎಂದುಕೊಂಡಿದ್ದೆ. ನುಜತ್ ಕೈಗೆ ಕೊಡಬೇಡ, ಬಟನ್ ಹೊಲಿಯಲು ತುಂಡು ಮಾಡಿಯಾಳು.

ದುರುಗಮ್ಮ

*

ಗುತ್ತೂರು
11-7-2024, ಗುರುವಾರ

ಯಶೋದಾ,

ನಿನ್ನೆ ನಾನು ಬರಲಿಲ್ಲ. ಪಾಲಕ್ ಮಡಿಗೆ ನೀರು ಬಿಡುವುದಿತ್ತು. ನಿನ್ನ ಮಾವ ಹೋಗಿ ಬಂದು ಹೇಳಿದರು, ಗಡ್ಡೆ ತೆಗೆದರು, ಕೋಶ ಉಳಿಯಿತು, ಜೀವವೂ ಉಳಿಯಿತು ಎಂದು. ಸರಿ. ನಿನ್ನ ಹಟ ನಡೆಯಿತು. ನನ್ನ ಆಣೆ ಹಾಗೇ ಇದೆ, ಸಾಯುವ ತನಕ ಇರುತ್ತದೆ.

ಮಲಗುವಾಗ ಮಂಡಿ ಸ್ವಲ್ಪ ಮಡಿಸಿಕೊಂಡರೆ ಹೊಟ್ಟೆ ಎಳೆಯುವುದಿಲ್ಲ. ತಲೆಯ ಮೇಲಿನ ಆ ಫ್ಯಾನ್ ಕಟಕಟ ಎನ್ನುತ್ತದೆ, ನಿದ್ದೆ ಬರುವುದಿಲ್ಲ, ಕಿಟಕಿ ಪಕ್ಕದ ಮಂಚ ಖಾಲಿ ಆದ ಕೂಡಲೇ ಕೇಳಿ ಹಾಕಿಸಿಕೊ. ಗುಂಗುರು ಕೂದಲಿನ ನರ್ಸು ಒಳ್ಳೆಯವಳು, ಇನ್ನೊಬ್ಬಳು ಬರೀ ಬಾಯಿ.

ನಿನ್ನ ಗಂಡ ರವಿಚಂದ್ರನಿಗೆ ಹೇಳು, ಕೆಳಗೆ ಮೆಡಿಕಲ್ ಷಾಪಿನಲ್ಲಿ ನಿಂತು ಹರಟೆ ಹೊಡೆಯುವುದು ಕಡಿಮೆ ಮಾಡಲಿ.

ದುರುಗಮ್ಮ

*

ದಾವಣಗೆರೆ
19-7-2024, ಶುಕ್ರವಾರ

ಅಕ್ಕಾ,

ಮನೆಗೆ ಬಂದಿದ್ದೇನೆ. ಮಲಗಿಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಬೈಯಬೇಡ.

ನೀನು ಬಂದಿದ್ದೆ.

ಫ್ಯಾನಿನ ಸದ್ದು ಮಾವನಿಗೆ ಹೇಗೆ ಗೊತ್ತಾಗಬೇಕು? ಹೆಂಗಸರ ವಾರ್ಡಿಗೆ ಗಂಡಸರನ್ನು ಬಿಡುವುದೇ ಇಲ್ಲ. ನಿನ್ನ ಕಾಗದ ಓದಿ ನುಜತ್‌ಳನ್ನು ಕೇಳಿದೆ. ಅವಳು, "ನಾನು ಹೇಳಂಗಿಲ್ಲಪ್ಪ. ನಿಮ್ಮಕ್ಕ ನನ್ ಕೈಲೂ ಆಣೆ ಇಡಿಸ್ಯಾರೆ" ಎಂದಳು. ಹೇಳಿದಂತೆಯೇ ಆಯಿತಲ್ಲ. ನಾಲಿಗೆ ಕಚ್ಚಿಕೊಂಡು, "ಹಾಯ್ ಅಲ್ಲಾ, ಈಗೇನು ಮಾಡ್ಲಿ, ನಿಮ್ಮಕ್ಕ ನನ್ನ ಕೊಂದೇ ಹಾಕ್ತಾರೆ" ಎಂದು ಓಡಿದಳು. ನಗಬಾರದು, ಹೊಲಿಗೆ ಎಳೆಯುತ್ತದೆ. ನಿನ್ನ ಸೀರೆ ಮಡಿಸಿ ಒತ್ತಿ ಹಿಡಿದುಕೊಂಡು ನಕ್ಕೆ.

ಅವಳು ಹೇಳದಿದ್ದರೂ ನನಗೆ ಗೊತ್ತಿತ್ತು. ಅರ್ಧ ಎಚ್ಚರವಿತ್ತು. ಮೈಯೆಲ್ಲ ನಡುಗುತ್ತಿತ್ತು. ಯಾರೋ ಬೈದರು. "ಕಾಲು ಒಳಗೆ ಹಾಕ್ಕಳೇ, ಹೊದ್ದದ್ದೆಲ್ಲ ಒದೀತಿ, ಸಣ್ಣೋಳಿದ್ದಾಗ್ಲೂ ಇದೇ ಚಾಳಿ." ಆಮೇಲೆ ಪಾದದ ಮೇಲೆ ಕಂಬಳಿ ಬಂತು. ಕೈ ಒರಟಾಗಿತ್ತು, ಸೊಪ್ಪಿನ ವಾಸನೆ ಇತ್ತು. ನಾನು ಕಣ್ಣು ತೆರೆಯಲಿಲ್ಲ. ತೆರೆದರೆ ನೀನು ಹೋಗಿಬಿಡುತ್ತೀಯ ಎಂದು ಭಯ.

ನೀನು ಮಾತಾಡಿದೆ ಅಕ್ಕಾ. ಆಣೆ ಅವತ್ತೇ ಹೋಯಿತು. ಬಂದವಳು ಬಂದೆ ಎಂದು ಯಾಕೆ ಹೇಳಲಿಲ್ಲ?

ಯಶೋದಾ

*

ಗುತ್ತೂರು
22-7-2024, ಸೋಮವಾರ

ಯಶೋದಾ,

ಆ ನುಜತ್ ಹೊಟ್ಟೆಯಲ್ಲಿ ಒಂದು ಮಾತು ನಿಲ್ಲುವುದಿಲ್ಲ ಎಂದು ನನಗೆ ಮೊದಲೇ ಗೊತ್ತಿತ್ತು.

ಬಂದಿದ್ದೆ. ಯಾಕೆ ಹೇಳಲಿಲ್ಲ ಎಂದರೆ, ನೀನು ಗೆದ್ದೆ ಎಂದು ಕುಣಿಯುತ್ತೀಯ ಎಂದು. ಇನ್ನೊಂದು ಕಾರಣವೂ ಇದೆ, ಅದನ್ನೂ ಬರೆದುಬಿಡುತ್ತೇನೆ. ಬಾಯಲ್ಲಾದರೆ ಬರುವುದಿಲ್ಲ.

ಆಪರೇಷನ್ ಥಿಯೇಟರಿನ ಹೊರಗೆ ಒಂದೇ ಬೆಂಚು. ಅದರ ಮೇಲೆ ನುಜತ್ ಕೂತಿದ್ದಳು, ಕೈಯಲ್ಲಿ ನಿನ್ನ ಬಳೆ, ನಿನ್ನ ತಾಳಿ. ನಿನ್ನ ತಾಳಿ ಅವಳ ಕೈಯಲ್ಲಿ! ನಾನು ಈ ತುದಿ, ಅವಳು ಆ ತುದಿ. ಅವಳು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟಳು. ಬ್ಯಾಡ ಎಂದೆ. ಪಕ್ಕದಲ್ಲಿಟ್ಟಳು. ಆರಿದ ಮೇಲೆ ಕುಡಿದೆ. ಅವಳು ತುಟಿಯಲ್ಲೇ ಏನೋ ಪ್ರಾರ್ಥನೆ ಹೇಳಿಕೊಳ್ಳುತ್ತಿದ್ದಳು. ನನಗೆ ಅದಕ್ಕೂ ಹೊಟ್ಟೆಕಿಚ್ಚಾಯಿತು. ಚೌಡಮ್ಮನಿಗೆ ಏನು ಬೇಡುವುದೆಂದು ನನಗೆ ಗೊತ್ತಾಗುತ್ತಿರಲಿಲ್ಲ. ಕೋಶ ಹೋಗಲಿ ಎಂದು ಆಣೆ ಇಟ್ಟವಳು ಯಾವ ಬಾಯಲ್ಲಿ ಉಳಿಯಲಿ ಎಂದು ಕೇಳಲಿ?

ಡಾಕ್ಟರಮ್ಮ ಹೊರಗೆ ಬಂದರು. ಕೈಯಲ್ಲಿ ಸ್ಟೀಲ್ ತಟ್ಟೆ. "ಯಶೋದಾ ಕಡೆಯವರು ಯಾರು?" ಎಂದರು. ನಾವಿಬ್ಬರೂ ಎದ್ದು ನಿಂತೆವು. ಒಟ್ಟಿಗೆ! ನಾನು ಅವಳನ್ನು ನೋಡಿದೆ, ಅವಳು ನನ್ನನ್ನು ನೋಡಿದಳು. ಆಮೇಲೆ ಅವಳು ಕೂತುಬಿಟ್ಟಳು. "ಅವರಕ್ಕ ಅದಾರೆ ಮೇಡಂ, ಅವರಿಗೇ ತೋರ್ಸ್ರಿ" ಎಂದಳು. ಅವಳ ಬಗ್ಗೆ ನಾನು ಇಷ್ಟೇ ಬರೆಯುತ್ತೇನೆ, ಇದಕ್ಕಿಂತ ಹೆಚ್ಚು ನನ್ನಿಂದ ಬರೆಸಬೇಡ.

ತಟ್ಟೆ ನೋಡಿದೆ. ಗಡ್ಡೆಗಳು. ಒಂದು ಮೂಸಂಬಿಯಷ್ಟು, ಉಳಿದವು ಚಿಕ್ಕವು. ಬೇಯಿಸಿ ಸಿಪ್ಪೆ ಸುಲಿದ ಗೆಣಸಿನ ಬಣ್ಣ. ಇವೇ ಎಂದು ನಂಬಲಾಗಲಿಲ್ಲ. ಇಷ್ಟಕ್ಕೆ ಒಬ್ಬ ಹೆಂಗಸು ಬೂದಿಯಾಗುವುದೇ? ನಾನು ಬಗ್ಗಿ ಬಗ್ಗಿ ಹುಡುಕಿದೆ. "ಚೀಲ ಎಲ್ಲೈತ್ರಿ?" ಎಂದೆ.

"ಯಾವ ಚೀಲ?"

"ಗರ್ಭಚೀಲ. ಇದರಾಗಿಲ್ಲ."

ಡಾಕ್ಟರಮ್ಮ ಬಹಳ ಸುಸ್ತಾಗಿದ್ದರು. ಆದರೂ ನಕ್ಕರು. "ಅದು ಅವರ ಹೊಟ್ಟೆಯೊಳಗೇ ಐತಮ್ಮ. ಅವರು ಇರಲಿ ಅಂದಿದ್ರಲ್ಲ. ಎರಡು ಬಾಟಲಿ ರಕ್ತ ಕೊಟ್ಟೆವು, ಕಷ್ಟ ಆಯ್ತು, ಆದ್ರೆ ಉಳೀತು."

ಅವರು ಇರಲಿ ಅಂದಿದ್ರಲ್ಲ! ನೀನು ಅಂದದ್ದಕ್ಕೆ ಅಷ್ಟು ಜನ ಬೆವರು ಸುರಿಸಿ ಉಳಿಸಿದರು. ನನಗೆ ಆಗ ಏನಾಯಿತೆಂದು ಬರೆಯುತ್ತೇನೆ, ಓದಿ ಹರಿದುಹಾಕು. ನೀನು ಬದುಕಿದೆ ಎಂದು ಸಂತೋಷ ಮೊದಲು ಬರಲಿಲ್ಲ. ಹೊಟ್ಟೆ ಉರಿಯಿತು. ಒಂದು ಗಳಿಗೆ, ಅದೂ ಈ ತಟ್ಟೆಯಲ್ಲಿ ಇದ್ದಿದ್ದರೆ ಎನ್ನಿಸಿತು. ಆಗ ನಾವಿಬ್ಬರೂ ಒಂದೇ ತರ ಆಗುತ್ತಿದ್ದೆವು. ಅದಕ್ಕೇ ಬಂದೆ ಎಂದು ಹೇಳಲಿಲ್ಲ. ಅಂಥದ್ದು ಅನ್ನಿಸಿದವಳು ಬಂದಿದ್ದೆ ಎಂದು ಏನು ಹೇಳಿಕೊಳ್ಳುವುದು?

ವಾಪಸ್ ಬರುವಾಗ ಬಸ್ಸಿನಲ್ಲಿ ನಿನ್ನ ಮಾವನನ್ನು ಕೇಳಿದೆ. ಇಪ್ಪತ್ತೈದು ವರ್ಷಕ್ಕೆ ಮೊದಲ ಸಲ. ನನ್ನದು ತೆಗೆದಾಗ ನಿಮಗೂ ಹೀಗೇ ತಟ್ಟೆಯಲ್ಲಿ ತೋರಿಸಿದರಾ, ಎಷ್ಟು ದೊಡ್ಡದಿತ್ತು ಎಂದು. ಹರಿಹರ ಬರುವ ತನಕ ಟಿಕೆಟ್ಟನ್ನು ಮಡಿಸಿ ಬಿಚ್ಚಿ ಮಾಡಿದರು. ಆಮೇಲೆ ಹೇಳಿದರು, "ತೋರ್ಸಿದ್ರು. ನಾನು ನೋಡ್ಲಿಲ್ಲ ಕಣೇ. ಹೆದ್ರಿಕಿ ಆತು, ಮಕ ತಿರುವಿದ್ದೆ. ನಮ್ಮವ್ವ ನೋಡಿದ್ಲು."

"ಮತ್ತೆ ಅದಕ್ಕೂ ಮೊದ್ಲು? ತೆಗೀಲಾ ಅಂತ ಕೇಳಿದ್ರಾ?"

"ಕೇಳಿದ್ರು. ಹೂಂ ಅಂದೆ. ನಿನ್ ಕೇಳ್ಬೇಕು ಅಂತ ನಂಗೆ ಹೊಳೀಲೇ ಇಲ್ಲ."

ಕೆಂಚವ್ವ ಸತ್ತು ಹನ್ನೊಂದು ವರ್ಷ. ನೋಡಿದವಳು ಅವಳೊಬ್ಬಳೇ. ಅದು ನೆಲ್ಲಿಕಾಯಿಯಷ್ಟಿತ್ತೋ ಕುಂಬಳಕಾಯಿಯಷ್ಟಿತ್ತೋ, ತೆಗೆಯಲೇಬೇಕಿತ್ತೋ ಬಿಟ್ಟರೆ ನಡೆಯುತ್ತಿತ್ತೋ, ಇನ್ನು ನನಗೆ ಹೇಳುವವರು ಭೂಮಿಯ ಮೇಲೆ ಯಾರೂ ಇಲ್ಲ. ನಿನ್ನದನ್ನು ನಾನು ಕಣ್ಣಾರೆ ನೋಡಿದೆ, ನುಜತ್ ನೋಡಿದಳು, ರವಿಚಂದ್ರ ಆಮೇಲೆ ಬಂದು ನೋಡಿದ. ನನ್ನದು ಯಾವ ತಿಪ್ಪೆಗೆ ಹೋಯಿತು?

ನಿನ್ನ ಮೇಲೆ ಸಿಟ್ಟಲ್ಲ. ಸಿಟ್ಟೇ. ಯಾರ ಮೇಲೆ ಮಾಡುವುದೆಂದು ಗೊತ್ತಾಗದೆ ನಿನ್ನ ಮೇಲೆ.

ದುರುಗಮ್ಮ

*

ದಾವಣಗೆರೆ
26-7-2024, ಶುಕ್ರವಾರ

ಅಕ್ಕಾ,

ಕಾಗದ ಹರಿದುಹಾಕಿದೆ. ನೀನು ಹೇಳಿದ ಮಾತು ನಾನು ಯಾವಾಗ ಕೇಳಿದ್ದೇನೆ ಎನ್ನುತ್ತೀಯಲ್ಲ, ಇದನ್ನು ಕೇಳಿದೆ.

ಉತ್ತರವಾಗಿ ಏನೇನೋ ಬರೆದು ಬರೆದು ಒಲೆಗೆ ಹಾಕಿದೆ. ಸಮಾಧಾನ ಹೇಳಿದರೆ ನಿನಗೆ ಮೈ ಉರಿಯುತ್ತದೆ. ಅದಕ್ಕೆ ಸಮಾಧಾನ ಹೇಳುವುದಿಲ್ಲ, ಒಂದನ್ನು ಕೇಳುತ್ತೇನೆ.

ಅವತ್ತು ಹರಿಹರದಲ್ಲಿ ಮಾವನನ್ನೂ ಕೆಂಚವ್ವನನ್ನೂ ಹೊರಗೆ ಕೂರಿಸಿ ಡಾಕ್ಟರು ನಿನ್ನೊಬ್ಬಳನ್ನೇ ಕೇಳಿದ್ದರೆ, "ದುರುಗಮ್ಮಾ, ನಿನಗೇನು ಬೇಕು?" ಎಂದಿದ್ದರೆ, ನೀನು ಏನು ಹೇಳುತ್ತಿದ್ದೆ?

ಯಶೋದಾ

*

ಗುತ್ತೂರು
5-8-2024, ಸೋಮವಾರ

ಯಶೋದಾ,

ಎರಡು ಸಲ ನಿನ್ನ ಮಾವ ನನ್ನ ಕಾಗದವಿಲ್ಲದೆ ನಿನ್ನ ಹತ್ತಿರ ಬಂದರು. "ಏನೂ ಬರೆದಿಲ್ವಾ ಅಂತ ಕೇಳಿದ್ಲು" ಎಂದು ನನ್ನ ಮುಖ ನೋಡಿದರು. ಪ್ರಶ್ನೆ ಕೇಳುವುದು ಸುಲಭ. ನೀನು ಒಂದು ಸಾಲು ಬರೆದು ಕಳಿಸಿದೆ. ನಾನು ಸೊಪ್ಪು ಕಟ್ಟುವಾಗ ಯೋಚಿಸಿದೆ, ರೊಟ್ಟಿ ತಟ್ಟುವಾಗ ಯೋಚಿಸಿದೆ. ರೊಟ್ಟಿ ಕರಕಾದವು, ಸುಮಾ ಕರಕು ಕೆರೆದು ತಿಂದಳು, ಅವಳಿಗೆ ಈಗ ನನ್ನ ಮೇಲೆ ಕನಿಕರ, ಅದೊಂದು ಬೇರೆ.

ಮೊದಲು ಇರಲಿ ಎನ್ನುತ್ತಿದ್ದೆ ಎಂದುಕೊಂಡೆ. ಹಾಗೆ ಬರೆದೂ ಬರೆದೆ. ಓದಿದರೆ ಸುಳ್ಳು ಅನ್ನಿಸಿತು. ಆಗ ನನಗೆ ಎಷ್ಟು ಹೋಗುತ್ತಿತ್ತು ಎಂದರೆ ಗೋಣಿಚೀಲದ ಮೇಲೆ ಮಲಗುತ್ತಿದ್ದೆ. ಇಬ್ಬರು ಗಂಡುಮಕ್ಕಳು, ಚಿಕ್ಕವರು. ಗದ್ದೆಗೆ ಹೋಗದೆ ನಡೆಯುವ ಹಾಗಿರಲಿಲ್ಲ. ಎರಡು ದಾರಿ ಹೇಳಿ, ಇದು ಮತ್ತೆ ಬರಬಹುದು, ಅದು ಬರುವುದಿಲ್ಲ ಎಂದಿದ್ದರೆ, ತೆಗೀರಿ ಎಂದೇ ಹೇಳುತ್ತಿದ್ದೆ. ಹೌದು. ತೆಗೀರಿ ಎಂದೇ.

ಆದರೆ ನಾನು ಹೇಳುತ್ತಿದ್ದೆ ಯಶೋದಾ. ನನ್ನ ಬಾಯಲ್ಲಿ.

ಇಷ್ಟೇ ಉತ್ತರ. ಇದಕ್ಕೆ ಇಷ್ಟು ದಿನ ಬೇಕಾಯಿತು.

ಹೋದ ಶುಕ್ರವಾರ ಚೌಡಮ್ಮನ ಗುಡಿಗೆ ಹೋಗಿದ್ದೆ. ತಪ್ಪು ಕಾಣಿಕೆ ಹಾಕಿದೆ. ಪೂಜಾರಿ ಅಜ್ಜಯ್ಯನಿಗೆ ಎಲ್ಲ ತಿಳಿಯಬೇಕಲ್ಲ, "ಏನು ತಪ್ಪಾಗೇತವ್ವ?" ಎಂದ.

"ತಂಗಿ ಜೊತೆ ಮಾತು ಬಿಟ್ಟಿದ್ದೆ. ಆಣೆ ಮುರೀತು."

"ಬೇಕಂತ ಮುರಿದ್ಯೋ, ಬಾಯಿ ತಪ್ಪಿ ಮುರಿದ್ಯೋ?"

"ಕಂಬಳಿ ಒದೀತಿದ್ಲು" ಎಂದೆ. ಅವನಿಗೆ ಅರ್ಥವಾಗಲಿಲ್ಲ, ಭಂಡಾರ ಹಚ್ಚಿ ಕಳಿಸಿದ. ಕಾಣಿಕೆ ಹಾಕಿದೆ, ಆದರೆ ತಪ್ಪಾಯಿತು ಎಂದು ಚೌಡಮ್ಮನಿಗೆ ಹೇಳಲಿಲ್ಲ. ನನ್ನನ್ನು ಮೂವತ್ತೊಂದಕ್ಕೆ ಒಣಗಿಸುವಾಗ ಅವಳೇನು ನನಗೆ ಹೇಳಿದ್ದಳೇ? ಇಬ್ಬರದ್ದೂ ಸರಿಹೋಯಿತು.

ಹೊಟ್ಟೆಕಿಚ್ಚು ಹೋಯಿತು ಎಂದುಕೊಳ್ಳಬೇಡ. ಇದೆ. ನಿನ್ನನ್ನು ಹಾಸಿಗೆಯಿಂದ ಏಳಬೇಡ ಎನ್ನುವ ಗಂಡ, ಬಿಸಿನೀರು ಕಾಯಿಸಿ ಕೊಡುವ ಮಗಳು, ಅಂಗಡಿ ನೋಡಿಕೊಳ್ಳುವ ನುಜತ್. ಕೊಡ ಎತ್ತಬಾರದು, ಬಗ್ಗಬಾರದು ಎಂದು ಡಾಕ್ಟರಮ್ಮ ಬರೆದು ಕೊಟ್ಟ ಚೀಟಿ. ನಿನ್ನ ಮಾವ ಒಂದೊಂದಾಗಿ ಬಂದು ಹೇಳುವಾಗ ನನಗೆ ಒ​ಳಗೆ ಚುರ್ ಎನ್ನುತ್ತದೆ. ಗಡ್ಡೆ ಮತ್ತೆ ಬಂದರೆ ಮತ್ತೆ ಬೈಯುತ್ತೇನೆ. ಆಗಲೂ ನಿನ್ನನ್ನೇ ಕೇಳುತ್ತಾರೆ, ಅದಕ್ಕೂ ಉರಿದುಕೊಳ್ಳುತ್ತೇನೆ. ಆದರೆ ಆ ಬೆಂಚಿನ ಮೇಲೆ ನಾನೇ ಕೂರುತ್ತೇನೆ, ನಿನ್ನ ತಾಳಿ ನನ್ನ ಕೈಗೆ ಕೊಡಬೇಕು. ನುಜತ್ ಬೇಕಾದರೆ ಪಕ್ಕದಲ್ಲಿ ಕೂರಲಿ. ಚಹಾ ಅವಳದು ಪರವಾಗಿಲ್ಲ, ಸಕ್ಕರೆ ಜಾಸ್ತಿ.

ಈ ಕಾಗದ ನಿನ್ನ ಮಾವ ತಂದು ಕೊಟ್ಟರಲ್ಲ, ಅವರ ಹಿಂದೆ ನೋಡಲಿಲ್ಲ ನೀನು. ನೀನು ಇದನ್ನು ಓದುವ ಹೊತ್ತಿಗೆ ಮಂಗಳವಾರ, ನಾನೂ ಸೊಪ್ಪಿನ ಗಾಡಿ ಹತ್ತಿ ಬಂದಿದ್ದೇನೆ. ನಿನ್ನ ಮೆಟ್ಟಿಲ ಕೆಳಗೆ ನಿಂತಿದ್ದೇನೆ. ಓದಿ ಮುಗಿಸುವ ತನಕ ಮೇಲೆ ಬರುವುದಿಲ್ಲ, ಇದನ್ನೆಲ್ಲ ಓದುವಾಗ ನಿನ್ನ ಮುಖ ನೋಡಲು ನನಗೆ ಆಗುವುದಿಲ್ಲ. ಮುಗಿದಿದ್ದರೆ ಕೂಗು. ನೀನು ಇಳಿಯಬೇಡ, ಮೆಟ್ಟಿಲು ಕಡಿದಾಗಿವೆ.

ಕೈಯಲ್ಲಿ ಎರಡು ಡಬ್ಬಿ ಇವೆ. ಅಂಟಿನ ಉಂಡೆ. ಕೊಬ್ಬರಿ, ಉತ್ತುತ್ತೆ, ಗಸಗಸೆ, ತುಪ್ಪ, ಬಾಣಂತಿಯರಿಗೆ ಹಾಕುವುದನ್ನೆಲ್ಲ ಹಾಕಿದ್ದೇನೆ. ಸುಮಾ ಕೇಳಿದಳು, "ಒಬ್ರಿಗೆ ಎರಡು ಡಬ್ಬಿ ಯಾಕತ್ತೆ?" ಎಂದು. ಒಬ್ಬರಿಗಲ್ಲ. ಒಂದು ನಿನಗೆ. ಇನ್ನೊಂದು ನನ್ನದು, ಇಪ್ಪತ್ತೈದು ವರ್ಷ ತಡವಾಗಿ. ನಿನ್ನ ಮಂಚದ ಪಕ್ಕ ಕೂತು ನಾನೂ ತಿನ್ನುತ್ತೇನೆ. ಚಿಕ್ಕವಳಿದ್ದಾಗ ನಿನ್ನ ಪಾಲು ಮುಗಿಸಿ ನನ್ನ ಎಲೆಗೆ ಕೈ ಹಾಕುತ್ತಿದ್ದೆಯಲ್ಲ, ಆ ಆಟ ಬೇಡ. ನನ್ನ ಡಬ್ಬಿಗೆ ಕೈ ಹಾಕಿದರೆ ಮತ್ತೆ ಮಾತು ಬಿಡುತ್ತೇನೆ.

ಕೂಗು, ಕಾಲು ನೋಯುತ್ತಿದೆ.

ಅಕ್ಕ